ಕುಲ್ಕುಂದದ ನಿರಂಜನ ಮತ್ತು ಬೀಗ ಇಲ್ಲದ 55 ಪುಸ್ತಕಗಳು

ಕುಕ್ಕೆ ಸುಬ್ರಹ್ಮಣ್ಯಕ್ಕೆ ಒಮ್ಮೆಯೂ ಹೋಗದವರು ನಮ್ಮ ಕ್ಯಾಂಪಸ್‌ನಲ್ಲಿ ಹೆಚ್ಚು ಜನ ಇರ್ಲಿಕ್ಕಿಲ್ಲ. ಎಕ್ಸಾಂ ಮೊದಲು ಒಂದು ಸಲ, ರಿಸಲ್ಟ್ ಬಂದ ಮೇಲೆ ಇನ್ನೊಂದು ಸಲ ಹೋಗುವವರೂ ಇದ್ದಾರೆ. ಆ ದೇವಸ್ಥಾನದ ಪಕ್ಕದಲ್ಲೇ ಕುಲ್ಕುಂದ ಅಂತ ಒಂದು ಊರು ಉಂಟು. ನಮ್ಮ ಅಜ್ಜಂದಿರಿಗೆ ಕುಲ್ಕುಂದ ಅಂದ್ರೆ ಜಾನುವಾರು ಜಾತ್ರೆ ನೆನಪಾಗ್ತದೆ. ನಮಗೆ ಬಸ್ಸಿನ ಕಿಟಕಿಯಿಂದ ಒಂದು ನಿಮಿಷ ಕಾಣುವ ಊರು, ಅಷ್ಟೆ.

1924ರ ಜೂನ್ 15ರಂದು ಈ ಕುಲ್ಕುಂದದಲ್ಲಿ ಶಿವರಾಯ ಅಂತ ಒಬ್ಬ ಹುಡುಗ ಹುಟ್ಟಿದ. ಮುಂದೆ ಅವನೇ ಕನ್ನಡದ ದೊಡ್ಡ ಕಾದಂಬರಿಕಾರ ನಿರಂಜನ. ಪಿಯುಸಿಯಲ್ಲಿ ಕನ್ನಡ ತಗೊಂಡವರಿಗೆ ಹೆಸರು ಗೊತ್ತಿರಬಹುದು. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರಿಗೆ ಅಷ್ಟೂ ಗೊತ್ತಿರ್ಲಿಕ್ಕಿಲ್ಲ. ಆದರೆ ಎಂಜಿನಿಯರಿಂಗ್ ಓದುವ ನಮಗೆ ಈ ಮನುಷ್ಯನ ಬಗ್ಗೆ ತಿಳ್ಕೊಳ್ಳಲಿಕ್ಕೆ ಒಂದು ವಿಶೇಷ ಕಾರಣ ಉಂಟು. ಇವರ 55 ಪುಸ್ತಕಗಳನ್ನು ನಾವು ಯಾರಿಗೂ ಹೆದರದೆ ಡೌನ್‌ಲೋಡ್ ಮಾಡಬಹುದು, ಕಾಪಿ ಮಾಡಿ ಗೆಳೆಯರಿಗೆ ಕಳಿಸಬಹುದು, ಅಚ್ಚು ಹಾಕಿ ಮಾರಬಹುದು, ತುಳುವಿಗೋ ಅರೆಭಾಷೆಗೋ ಅನುವಾದ ಮಾಡಬಹುದು, ಆಡಿಯೋ ಬುಕ್ ಮಾಡಬಹುದು. ಇದು ಕಳ್ಳ ಪಿಡಿಎಫ್ ಅಲ್ಲ, ಪೂರ್ತಿ ಕಾನೂನುಬದ್ಧ. ಇದು ಹೇಗೆ ಸಾಧ್ಯ ಆಯ್ತು ಅಂತ ಅರ್ಥ ಆಗ್ಬೇಕಾದರೆ ಮೊದಲು ಅವರ ಬದುಕನ್ನು ಸ್ವಲ್ಪ ನೋಡ್ಬೇಕು.

ಕುಲ್ಕುಂದದಿಂದ ನೀಲೇಶ್ವರಕ್ಕೆ

ಶಿವರಾಯ ಹುಟ್ಟಿದಾಗ ಕಡಬ ತಾಲೂಕು ಇರಲಿಲ್ಲ, ಸುಳ್ಯ ತಾಲೂಕೂ ಇರಲಿಲ್ಲ. ಇದೆಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಆ ಜಿಲ್ಲೆಯಲ್ಲಿ ಈಗಿನ ಕಾಸರಗೋಡೂ ಇತ್ತು, ಉಡುಪಿಯೂ ಇತ್ತು. ಹುಡುಗ ಬೆಳೆದದ್ದು ತಾಯಿಯ ಆಸರೆಯಲ್ಲಿ, ಕಷ್ಟದಲ್ಲಿ. ಮೊದಲ ಓದು ಸುಳ್ಯದಲ್ಲಿ. ಹೈಸ್ಕೂಲಿಗೆ ಹೋದದ್ದು ದಕ್ಷಿಣದ ನೀಲೇಶ್ವರಕ್ಕೆ. ಇವತ್ತು ನಮಗೆ ನೀಲೇಶ್ವರ ಅಂದ್ರೆ ಕೇರಳ, ಬೇರೆ ರಾಜ್ಯ. ಆವಾಗ ಅದು ಅದೇ ಜಿಲ್ಲೆಯ ಇನ್ನೊಂದು ಊರು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ನಮ್ಮ ಕಡೆಯ ಮಕ್ಕಳಿಗೆ ಇದು ಹೊಸದಲ್ಲ.

ಕಯ್ಯೂರು ಎಂಬ ಹಳ್ಳಿ ಇರುವುದು ನೀಲೇಶ್ವರದ ಹತ್ತಿರವೇ. ಅಲ್ಲಿನ ರೈತರು ಜಮೀನ್ದಾರರ ದಬ್ಬಾಳಿಕೆಯ ವಿರುದ್ಧ ಸಂಘ ಕಟ್ಟಿದ್ದರು. 1941ರ ಮಾರ್ಚ್ 28ರಂದು ಅವರ ಮೆರವಣಿಗೆಯ ಎದುರು ಸಿಕ್ಕಿಬಿದ್ದ ಒಬ್ಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ಕೇಸು ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ಕು ಜನ ಯುವಕರಿಗೆ ಗಲ್ಲು ಆಯ್ತು. ಆ ಕಾಲದಲ್ಲಿ ನಿರಂಜನರಿಗೆ ನಮ್ಮದೇ ಪ್ರಾಯ, ಹತ್ತೊಂಬತ್ತು ಕೂಡ ತುಂಬಿರಲಿಲ್ಲ. ತಾನು ಓದಿದ ಊರಿನ ಪಕ್ಕದ ಹಳ್ಳಿಯ ರೈತರ ಮಕ್ಕಳು ಗಲ್ಲಿಗೆ ಹೋದ ಈ ಘಟನೆ ಅವರ ತಲೆಯಿಂದ ಹೋಗಲೇ ಇಲ್ಲ. ಹನ್ನೆರಡು ವರ್ಷ ಆದ ಮೇಲೆ, 1955ರಲ್ಲಿ ‘ಚಿರಸ್ಮರಣೆ’ ಕಾದಂಬರಿಯಾಗಿ ಅದು ಹೊರಗೆ ಬಂತು.

ಇದರಲ್ಲಿ ಒಂದು ವಿಚಿತ್ರ ಉಂಟು ನೋಡಿ. ಕಯ್ಯೂರಿನವರು ಮಾತಾಡುವುದು ಮಲಯಾಳ. ಅವರ ಕತೆ ಮೊದಲು ದೊಡ್ಡ ಕಾದಂಬರಿಯಾದದ್ದು ಕನ್ನಡದಲ್ಲಿ. ಆಮೇಲೆ ಅದು ಮಲಯಾಳಕ್ಕೆ ಅನುವಾದ ಆಗಿ ಅವರ ಊರಿಗೇ ವಾಪಸ್ ಹೋಯಿತು. ಕುಲ್ಕುಂದದ ಹುಡುಗ ಬರೆದ ಪುಸ್ತಕ ಕೇರಳದಲ್ಲಿ ನಮ್ಮಲ್ಲಿಗಿಂತ ಹೆಚ್ಚು ಪರಿಚಿತ ಅಂತ ಹೇಳುವವರೂ ಇದ್ದಾರೆ. ಕತೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದರೆ ಏನಾಗ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಊರಿನ ಕತೆಯನ್ನೂ ಅವರು ಬಿಡಲಿಲ್ಲ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. ಅದರ ಜೊತೆ ಇದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲೆಲ್ಲ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಈಗ ನಗದಿನಲ್ಲಿ ಕೊಡಬೇಕಾಯಿತು. 1837ರಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆ ವಶ ಮಾಡ್ಕೊಂಡು, ಮಂಗಳೂರಿನ ತನಕ ಹೋಗಿ, ಈಗ ಬಾವುಟಗುಡ್ಡೆ ಅಂತ ಕರೆಯುವ ಗುಡ್ಡದಲ್ಲಿ ತಮ್ಮ ಬಾವುಟ ಏರಿಸಿ 13 ದಿನ ಆಳಿದರು. ಬ್ರಿಟಿಷರು ಅದನ್ನು ಕಲ್ಯಾಣಪ್ಪನ ಕಾಟುಕಾಯಿ ಅಂತ ದರೋಡೆಯ ಲೆಕ್ಕಕ್ಕೆ ಹಾಕಿಬಿಟ್ಟರು. ಅದೇ ಹೋರಾಟವನ್ನು ಇಟ್ಟುಕೊಂಡು ನಿರಂಜನ ಬರೆದ ಕಾದಂಬರಿ ‘ಕಲ್ಯಾಣಸ್ವಾಮಿ’. ಇವತ್ತು ಸುಳ್ಯದಲ್ಲಿ ಈ ಹೋರಾಟದ ಬಗ್ಗೆ ಭಾಷಣ ಆಗ್ತದೆ, ಕಾರ್ಯಕ್ರಮ ಆಗ್ತದೆ. ಅದು ಇಷ್ಟು ಸುದ್ದಿಯಾಗುವ ಎಷ್ಟೋ ಮೊದಲೇ ಅವರು ಬರೆದಿಟ್ಟಿದ್ದರು.

ಬರವಣಿಗೆಯೇ ಹೊಟ್ಟೆಪಾಡು

ಹೈಸ್ಕೂಲ್ ಮುಗಿಸಿ ಬಂದ ನಿರಂಜನರಿಗೆ ಕಾಲೇಜಿನ ದಾರಿ ಇರಲಿಲ್ಲ. ಮಂಗಳೂರಿನಲ್ಲಿ ಕಡೆಂಗೋಡ್ಲು ಶಂಕರಭಟ್ಟರ ‘ರಾಷ್ಟ್ರಬಂಧು’ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ಮುಂದೆ ಪತ್ರಿಕೆ, ಕಮ್ಯುನಿಸ್ಟ್ ಚಳವಳಿ, ಅನಕೃ, ತರಾಸು, ಬಸವರಾಜ ಕಟ್ಟೀಮನಿ ಮುಂತಾದವರ ಜೊತೆ ಪ್ರಗತಿಶೀಲ ಸಾಹಿತ್ಯ ಚಳವಳಿ. ‘ವಿಮೋಚನೆ’, ‘ಬನಶಂಕರಿ’, ‘ರಂಗಮ್ಮನ ವಠಾರ’ ಹೀಗೆ ಒಂದರ ಹಿಂದೆ ಒಂದು ಕಾದಂಬರಿ. ‘ರಂಗಮ್ಮನ ವಠಾರ’ ಓದಿದರೆ ಬೆಂಗಳೂರಿನ ಒಂದು ಹಳೆ ವಠಾರದಲ್ಲಿ ಬಾಡಿಗೆಗೆ ಇರುವ ಹತ್ತಾರು ಮನೆಗಳ ಕತೆ. ಈಗ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಇರುವವರಿಗೆ ಅರ್ಧ ಅವರದೇ ಕತೆ ಅನ್ನಿಸಬಹುದು.

ಮದುವೆಯಾದದ್ದು ಡಾಕ್ಟರ್ ಆಗಿದ್ದ ಅನುಪಮಾ ಅವರನ್ನು. ಅವರೂ ದೊಡ್ಡ ಲೇಖಕಿ. ಹೆಂಗಸರ ಆರೋಗ್ಯ, ಬಸಿರು, ಬಾಣಂತನದ ಬಗ್ಗೆ ಅವರು ಕನ್ನಡದಲ್ಲಿ ಬರೆದ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಇದ್ದವು. ಅಂದ್ರೆ ಗಂಡ ಹೆಂಡತಿ ಇಬ್ಬರದ್ದೂ ಒಂದೇ ಹಠ. ಗೊತ್ತಿರುವ ವಿಷಯ ಗೊತ್ತಿಲ್ಲದವರಿಗೆ ಅವರ ಭಾಷೆಯಲ್ಲೇ ತಲುಪಬೇಕು.

ಇಲ್ಲಿ ಒಂದು ಮಾತು ಮುಖ್ಯ. ನಿರಂಜನರಿಗೆ ಸರಕಾರಿ ಕೆಲಸ ಇರಲಿಲ್ಲ, ಯುನಿವರ್ಸಿಟಿ ಸಂಬಳ ಇರಲಿಲ್ಲ. ಬರೆದದ್ದರಿಂದಲೇ ಬದುಕಬೇಕಿತ್ತು. ಹಾಗಾಗಿ ಅವರ ಪುಸ್ತಕವನ್ನು ಯಾರಾದರೂ ಕೇಳದೆ ಅಚ್ಚು ಹಾಕಿದ್ದರೆ ಅದು ನೇರ ಅವರ ಅನ್ನಕ್ಕೆ ಕೈ ಹಾಕಿದ ಹಾಗೆ. ಕಾಪಿರೈಟ್ ಅಂದ್ರೇನೇ ಕೆಟ್ಟದ್ದು, ಎಲ್ಲ ಫ್ರೀ ಆಗ್ಬೇಕು ಅಂತ ನಮ್ಮ ಹಾಸ್ಟೆಲ್‌ಗಳಲ್ಲಿ ಸುಲಭವಾಗಿ ಹೇಳ್ತೇವೆ. ಬರೆಯುವವನು ಜೀವಂತ ಇದ್ದು, ಆ ತಿಂಗಳ ಅಕ್ಕಿ ಆ ಪುಸ್ತಕದಿಂದ ಬರ್ಬೇಕು ಅಂತ ಇರುವಾಗ ಆ ಮಾತು ಅಷ್ಟು ಸುಲಭ ಅಲ್ಲ. ಹಾಗಾದರೆ ಹಕ್ಕು ಬೇಕು, ಸರಿ. ಆದರೆ ಎಷ್ಟು ಕಾಲ? ಯಾರಿಗೋಸ್ಕರ? ಈ ಪ್ರಶ್ನೆಗೆ ಮತ್ತೆ ಬರ್ತೇನೆ.

ಜಗತ್ತಿನ ಕತೆಗಳು ಕನ್ನಡಕ್ಕೆ

ಐವತ್ತು ತುಂಬುವ ಮೊದಲೇ ನಿರಂಜನರಿಗೆ ಪಾರ್ಶ್ವವಾಯು ಹೊಡೆಯಿತು. ಬೇರೆಯವರಾದರೆ ಅಲ್ಲಿಗೆ ನಿಲ್ಲಿಸ್ತಿದ್ದರು. ಇವರ ಅತಿ ದೊಡ್ಡ ಕೆಲಸಗಳು ಮುಗಿದದ್ದು ಅದರ ನಂತರ. ಪ್ರಾಚೀನ ಈಜಿಪ್ಟಿನಲ್ಲಿ ನಡೆಯುವ ‘ಮೃತ್ಯುಂಜಯ’ ಎಂಬ ದೊಡ್ಡ ಕಾದಂಬರಿ 1976ರಲ್ಲಿ ಬಂತು. ಕುಲ್ಕುಂದದಲ್ಲಿ ಹುಟ್ಟಿದವರು ನೈಲ್ ನದಿಯ ದಡದ ರೈತರ ಬಂಡಾಯದ ಬಗ್ಗೆ ಕನ್ನಡದಲ್ಲಿ ಬರೆದರು ಅಂದ್ರೆ ಅವರ ಓದು ಎಷ್ಟು ದೂರ ಹೋಗಿತ್ತು ಅಂತ ಲೆಕ್ಕ ಹಾಕಿ.

ಮಕ್ಕಳಿಗೋಸ್ಕರ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವನ್ನು ಸಂಪಾದಿಸಿದರು, ಒಟ್ಟು 7 ಸಂಪುಟ. ವಿಜ್ಞಾನ, ತಂತ್ರಜ್ಞಾನ, ಜೀವಿಗಳು, ಕಲೆ, ದೇಶಗಳು ಎಲ್ಲವೂ ಕನ್ನಡದಲ್ಲಿ. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ಹಳ್ಳಿ ಶಾಲೆಯ ಲೈಬ್ರರಿಗೆ ಅದು ಬಂದರೆ ಅಲ್ಲಿನ ಮಕ್ಕಳಿಗೆ ಅದೇ ಗೂಗಲ್. ನಮ್ಮ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ ಎಂಬ 3 ಸಂಪುಟಗಳನ್ನು ಮಕ್ಕಳಿಗೆ ಬರೆದಿದ್ದರು. ಆಮೇಲೆ ‘ವಿಜ್ಞಾನ ಪ್ರಪಂಚ’ 4 ಸಂಪುಟ. ಪುತ್ತೂರಿನ ಒಬ್ಬರು, ಕುಲ್ಕುಂದದ ಒಬ್ಬರು, ಇಬ್ಬರೂ ಡಿಗ್ರಿ ಮಾಡದವರು, ಕನ್ನಡದ ಮಕ್ಕಳಿಗೆ ವಿಶ್ವಕೋಶ ಕಟ್ಟಿದರು. ನಾವು ಡಿಗ್ರಿ ಮಾಡುವವರು ಸ್ವಲ್ಪ ಯೋಚಿಸಬೇಕಾದ ವಿಷಯ.

ಮೂರನೆಯದು ‘ವಿಶ್ವಕಥಾಕೋಶ’. ಜಗತ್ತಿನ ಬೇರೆ ಬೇರೆ ದೇಶಗಳ ಸಣ್ಣಕತೆಗಳ ಕನ್ನಡ ಅನುವಾದ, 25 ಸಂಪುಟ. 1980ರ ದಶಕದ ಶುರುವಿನಲ್ಲಿ ನವಕರ್ನಾಟಕ ಪ್ರಕಾಶನದಿಂದ ಬಂತು. ಆಫ್ರಿಕಾ, ಅರಬ್ ದೇಶಗಳು, ಚೀನಾ, ಲ್ಯಾಟಿನ್ ಅಮೆರಿಕ, ಯುರೋಪ್ ಹೀಗೆ ಒಂದೊಂದು ಪ್ರದೇಶದ ಕತೆಗಳನ್ನು ಆರಿಸಿ, ಹಲವು ಅನುವಾದಕರನ್ನು ಸೇರಿಸಿ, ಸಂಪಾದನೆ ಮಾಡಿದವರು ನಿರಂಜನ. ಅನಾರೋಗ್ಯದ ಮನುಷ್ಯ, ಇಮೇಲ್ ಇಲ್ಲ, ಫೈಲ್ ಶೇರಿಂಗ್ ಇಲ್ಲ. ಪೋಸ್ಟ್‌ನಲ್ಲಿ ಹಸ್ತಪ್ರತಿ ಬರ್ಬೇಕು, ತಿದ್ದಬೇಕು, ಅಚ್ಚಿಗೆ ಹೋಗಬೇಕು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ 25 ರೆಪಾಸಿಟರಿಗಳ ಒಬ್ಬನೇ ಮೇಂಟೇನರ್.

ಇಡೀ ಬದುಕಿನ ಲೆಕ್ಕ ನೋಡಿದರೆ ನಿರಂಜನ ಮಾಡಿದ್ದು ಒಂದೇ ಕೆಲಸ. ಒಬ್ಬರ ಕತೆಯನ್ನು ಇನ್ನೊಬ್ಬರ ಹತ್ತಿರ ತಲುಪಿಸುವುದು. ಕಯ್ಯೂರಿನದ್ದು ಕನ್ನಡಕ್ಕೆ, ಈಜಿಪ್ಟಿನದ್ದು ಕರ್ನಾಟಕಕ್ಕೆ, ಜಗತ್ತಿನದ್ದು ಹಳ್ಳಿಯ ಲೈಬ್ರರಿಗೆ. 1990ರ ದಶಕದ ಶುರುವಿನಲ್ಲಿ ಅನುಪಮಾ ತೀರಿಕೊಂಡರು, ಸ್ವಲ್ಪ ಸಮಯದಲ್ಲೇ ನಿರಂಜನರೂ ಹೋದರು. ನಾವು ಯಾರೂ ಆಗ ಹುಟ್ಟಿರಲಿಲ್ಲ.

ಲೇಖಕ ಹೋದ ಮೇಲೆ ಪುಸ್ತಕ ಯಾರದ್ದು?

ಈಗ ಆ ಪ್ರಶ್ನೆಗೆ ಬರೋಣ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಲೇಖಕ ಸತ್ತ ನಂತರವೂ ಹಕ್ಕು ಇರ್ತದೆ. ಮೊದಲು ಅದು 50 ವರ್ಷ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 50 ವರ್ಷ ಆಗಿ ಅವರ ಪುಸ್ತಕಗಳು ಎಲ್ಲರದ್ದಾಗುವ ಹೊತ್ತಿಗೆ ಸರಕಾರ ಅವಧಿಯನ್ನು 60 ವರ್ಷಕ್ಕೆ ಏರಿಸಿತು. ಠಾಕೂರರಿಗೋಸ್ಕರ ಮಾಡಿದ ಬದಲಾವಣೆ ಎಲ್ಲ ಲೇಖಕರಿಗೂ ಬಂತು. ಈ ಲೆಕ್ಕದಲ್ಲಿ ನಿರಂಜನರ ಪುಸ್ತಕಗಳು ತಾವಾಗಿ ಸಾರ್ವಜನಿಕರ ಸೊತ್ತು ಆಗಬೇಕಾದರೆ 2050 ದಾಟಬೇಕು. ಅಷ್ಟರಲ್ಲಿ ನಮಗೆಲ್ಲ ರಿಟೈರ್‌ಮೆಂಟ್ ಹತ್ತಿರ ಬಂದಿರ್ತದೆ.

60 ವರ್ಷ ಕಾದರೆ ಏನಾಗ್ತದೆ? ತುಂಬ ಮಾರಾಟ ಆಗುವ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಪ್ರಕಾಶಕರು ಮತ್ತೆ ಮತ್ತೆ ಅಚ್ಚು ಹಾಕ್ತಾರೆ. ತೊಂದರೆ ಇರುವುದು ಉಳಿದವಕ್ಕೆ. ಕನ್ನಡದಲ್ಲಿ ಒಂದು ಪುಸ್ತಕ 1000 ಪ್ರತಿ ಅಚ್ಚಾದರೆ ಅದೇ ದೊಡ್ಡದು. ಅದು ಮುಗಿದ ಮೇಲೆ ಮತ್ತೆ ಅಚ್ಚು ಹಾಕಲಿಕ್ಕೆ ಪ್ರಕಾಶಕನಿಗೆ ಲಾಭ ಇಲ್ಲ. ಬೇರೆಯವರು ಹಾಕಲಿಕ್ಕೆ ಕಾನೂನು ಬಿಡುವುದಿಲ್ಲ. ಹಕ್ಕುದಾರರು ಯಾರು, ಎಲ್ಲಿದ್ದಾರೆ ಅಂತ ಹುಡುಕುವವರೂ ಇಲ್ಲ. ಲೈಬ್ರರಿಯ ಕೊನೆಯ ಕಪಾಟಿನಲ್ಲಿ ಇರುವ ಪ್ರತಿಗೆ ನಮ್ಮ ಊರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬರ್ತದೆ. ಕಾನೂನು ಪುಸ್ತಕವನ್ನು ಕಾಪಾಡ್ತಾ ಇರುವ ಹೊತ್ತಿಗೇ ಪುಸ್ತಕ ಸಾಯ್ತದೆ.

ಹಕ್ಕು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಪುತ್ತೂರಿನ ಕಾರಂತರ ಹೆಸರಲ್ಲೇ ಒಂದು ಕೇಸ್ ಉಂಟು. ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಇದ್ದ ಕಾರಂತರು ಕಾದಂಬರಿ ಮಾತ್ರ ಬರೆದವರಲ್ಲ, ಯಕ್ಷಗಾನದಲ್ಲೂ ಪ್ರಯೋಗ ಮಾಡಿದವರು. ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗೆ ಇಳಿಸಿ, ಮಾತು ಬಿಟ್ಟು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನ ಬ್ಯಾಲೆ ಮಾಡಿದರು. 1994ರಲ್ಲಿ ಉಯಿಲು ಬರೆದು ಹಕ್ಕುಗಳನ್ನು ತಮ್ಮ ಸಹಾಯಕಿಗೆ ಕೊಟ್ಟರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. 2001ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಅವರ ಶೈಲಿಯ ‘ಅಭಿಮನ್ಯು ವಧೆ’ ಪ್ರದರ್ಶನ ಆಯ್ತು. ಆಡಿಸಿದ್ದು ಕಾರಂತರೇ ನಿರ್ದೇಶಕರಾಗಿದ್ದ ಸಂಸ್ಥೆ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಹಕ್ಕು ಪಡೆದವರು ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2009ರ ಜನವರಿಯಲ್ಲಿ ತೀರ್ಪು ಬಂತು. ಕಾರಂತರು ರೂಪಿಸಿದ ಬ್ಯಾಲೆ ಒಂದು ನಾಟಕ ಕೃತಿ, ಅದರ ಹಕ್ಕು ಉಯಿಲಿನ ಪ್ರಕಾರ ಹೋಗುತ್ತದೆ ಅಂತ ಆಯ್ತು. ಜೊತೆಗೆ ಕಾಯ್ದೆಯ 52ನೇ ಸೆಕ್ಷನ್ ಕೊಡುವ ರಿಯಾಯಿತಿಗಳನ್ನು ಸಂಸ್ಥೆಯೂ ಬಳಸಬಹುದು ಅಂತ ಕೋರ್ಟ್ ಸ್ಪಷ್ಟ ಮಾಡಿತು. ಕಾಲೇಜಿನ ಒಳಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಹೆತ್ತವರ ಎದುರು ಆಡುವುದು, ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿಸುವುದು, ಇಂಥದ್ದಕ್ಕೆಲ್ಲ ಆ ಸೆಕ್ಷನ್‌ನಲ್ಲಿ ಜಾಗ ಉಂಟು. ನಮ್ಮ ಕಾಲೇಜ್ ಡೇಯಲ್ಲಿ ನಾಟಕ ಮಾಡುವವರು ಇದನ್ನು ತಿಳ್ಕೊಂಡಿದ್ದರೆ ಒಳ್ಳೆಯದು.

ಇಲ್ಲಿ ಯಾರು ಸರಿ, ಯಾರು ತಪ್ಪು ಅಂತ ನಾನು ಹೇಳ್ತಾ ಇಲ್ಲ. ತನ್ನ ಕೆಲಸ ಯಾರ ಕೈಗೆ ಹೋಗಬೇಕು ಅಂತ ತೀರ್ಮಾನ ಮಾಡುವ ಹಕ್ಕು ಕಾರಂತರಿಗೆ ಇತ್ತು. ಪ್ರಸಂಗದ ಪದ್ಯ, ಹೆಜ್ಜೆ, ವೇಷ ಎಲ್ಲ ಸಾವಿರಾರು ಕಲಾವಿದರಿಂದ ಬಂದದ್ದು, ಅದರ ಮೇಲೆ ಒಬ್ಬರು ಕಟ್ಟಿದ ಹೊಸ ರೂಪಕ್ಕೆ ಮಾತ್ರ ಹಕ್ಕು. ಎರಡರ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟ ಅಂತ ಈ ಕೇಸ್ ತೋರಿಸ್ತದೆ. ಹಕ್ಕು ಬಿಡದೆ ಇದ್ದರೆ ಕಾರಂತರ ಕೃತಿಗಳು ಎಲ್ಲರದ್ದಾಗುವುದು 2057 ಮುಗಿದ ಮೇಲೆ.

2014ರಲ್ಲಿ ಆದದ್ದು

ನಿರಂಜನರ ವಿಷಯದಲ್ಲಿ ದಾರಿ ಬೇರೆ ಆಯ್ತು. ಅವರ ಮಗಳು ತೇಜಸ್ವಿನಿ ನಿರಂಜನ ಹೆಸರಾಂತ ವಿದ್ವಾಂಸರು, ಅನುವಾದದ ಬಗ್ಗೆಯೇ ದೊಡ್ಡ ಕೆಲಸ ಮಾಡಿದವರು, ‘ಚಿರಸ್ಮರಣೆ’ಯನ್ನು ಇಂಗ್ಲಿಷಿಗೆ ತಂದವರು. 2014ರಲ್ಲಿ ತಂದೆಯ 55 ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಿದರು, ಕನ್ನಡ ವಿಕಿಸೋರ್ಸ್‌ಗೆ ಅವು ಬರುವ ಹಾಗೆ.

ಕಂಪ್ಯೂಟರ್ ಸೈನ್ಸ್‌ನವರಿಗೆ ಈ ಲೈಸೆನ್ಸ್ ಅರ್ಥ ಆಗಲು ಕಷ್ಟ ಇಲ್ಲ. ಜಿಪಿಎಲ್ ಗೊತ್ತಿದ್ದರೆ ಅದರ ತಮ್ಮ ಇದು. 1980ರ ದಶಕದಲ್ಲಿ ರಿಚರ್ಡ್ ಸ್ಟಾಲ್ಮನ್ ಸಾಫ್ಟ್‌ವೇರ್‌ಗೆ ಮಾಡಿದ್ದನ್ನು 2002ರ ಹೊತ್ತಿಗೆ ಲಾರೆನ್ಸ್ ಲೆಸ್ಸಿಗ್ ಮತ್ತು ಗೆಳೆಯರು ಪುಸ್ತಕ, ಹಾಡು, ಚಿತ್ರಗಳಿಗೆ ಮಾಡಿದರು. ಹಕ್ಕು ಬಿಟ್ಟುಬಿಡುವುದಲ್ಲ, ಹಕ್ಕನ್ನೇ ಬಳಸಿ ಎಲ್ಲರಿಗೂ ಮೊದಲೇ ಪರ್ಮಿಷನ್ ಕೊಡುವುದು. ನಿರಂಜನರ ಪುಸ್ತಕಗಳಿಗೆ ಇರುವ ಬಗೆಯಲ್ಲಿ ಶರತ್ತು ಎರಡೇ. ಲೇಖಕರ ಹೆಸರು ಹೇಳಬೇಕು. ನೀವು ಅದನ್ನು ಬದಲಾಯಿಸಿ ಹೊಸದೇನಾದರೂ ಮಾಡಿ ಹಂಚಿದರೆ ಅದನ್ನೂ ಇದೇ ಲೈಸೆನ್ಸಿನಲ್ಲಿ ಕೊಡಬೇಕು. ಅಂದ್ರೆ ನಾಳೆ ನೀವು ತುಳುವಿಗೆ ಅನುವಾದ ಮಾಡಿದರೆ ಅದಕ್ಕೆ ನೀವೂ ಬೀಗ ಹಾಕುವ ಹಾಗಿಲ್ಲ. ಒಮ್ಮೆ ಕೊಟ್ಟದ್ದನ್ನು ವಾಪಸ್ ತಗೊಳ್ಳಲಿಕ್ಕೂ ಆಗುವುದಿಲ್ಲ.

ಇದು ಸಣ್ಣ ವಿಷಯ ಅಲ್ಲ. ಇನ್ನೂ ಮೂರ್ನಾಲ್ಕು ದಶಕ ರಾಯಲ್ಟಿ ಬರಬಹುದಾದ ಹಕ್ಕನ್ನು ಮನೆಯವರು ಕೊಟ್ಟರು. ಬದುಕಿದ್ದಾಗ ನಿರಂಜನರಿಗೆ ಅನ್ನ ಕೊಟ್ಟ ಹಕ್ಕು ಅದು. ಅವರು ಹೋದ ಮೇಲೆ ಅದೇ ಹಕ್ಕು ಪುಸ್ತಕವನ್ನು ಓದುಗರಿಂದ ದೂರ ಇಡುವುದು ಬೇಡ ಅಂತ ತೀರ್ಮಾನ ಆಯ್ತು. ಹಲವರು ಸೇರಿ ಮಾಡಿದ ಸಂಪುಟಗಳಲ್ಲಿ ಈ ತೀರ್ಮಾನ ಇನ್ನೂ ಕಷ್ಟ. ಒಂದು ಅನುವಾದ ಸಂಕಲನದಲ್ಲಿ ಮೂಲ ಲೇಖಕ, ಅನುವಾದಕ, ಸಂಪಾದಕ, ಪ್ರಕಾಶಕ ಎಲ್ಲರದ್ದೂ ಪಾಲು ಇರಬಹುದು. ಒಬ್ಬರು ಹೂಂ ಅಂದ್ರೆ ಸಾಲದು.

ಬೀಗ ಹಾಕುವವರು ಯಾರು?

ಈಗಿನ ಕಾಲದ ಬೀಗ ಕಾಗದದಲ್ಲಿ ಮಾತ್ರ ಇಲ್ಲ, ಕೋಡ್‌ನಲ್ಲೂ ಉಂಟು. ಇ-ಬುಕ್ ಕೊಂಡರೆ ನಮ್ಮ ಹತ್ತಿರ ಇರುವುದು ಪುಸ್ತಕ ಅಲ್ಲ, ಓದುವ ಪರ್ಮಿಷನ್. ಡಿಆರ್‌ಎಂ ಇದ್ದರೆ ಗೆಳೆಯನಿಗೆ ಓದಲು ಕೊಡಲಿಕ್ಕೆ ಆಗುವುದಿಲ್ಲ, ಸೆಕೆಂಡ್ ಹ್ಯಾಂಡ್ ಮಾರಲಿಕ್ಕೆ ಆಗುವುದಿಲ್ಲ, ಬೇರೆ ಆಪ್‌ನಲ್ಲಿ ತೆರೆಯಲಿಕ್ಕೆ ಆಗುವುದಿಲ್ಲ. 2009ರಲ್ಲಿ ಅಮೆಜಾನ್ ಕಂಪೆನಿ ಜನರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ ‘1984’ರ ಒಂದು ಆವೃತ್ತಿಯನ್ನು ದೂರದಿಂದಲೇ ಅಳಿಸಿ ಹಾಕಿತು. ಅದನ್ನು ಮಾರಿದವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಕೊಟ್ಟರು, ನಿಜ. ಆದರೆ ಅಂಗಡಿಯವನು ರಾತ್ರಿ ನಮ್ಮ ಮನೆಗೆ ಬಂದು ಕಪಾಟಿನಿಂದ ಪುಸ್ತಕ ತಗೊಂಡು ದುಡ್ಡು ಇಟ್ಟು ಹೋದರೆ ನಾವು ಸುಮ್ಮನಿರ್ತೇವಾ? ಎಲ್ಲರ ಮೇಲೂ ಕಣ್ಣಿಡುವ ಸರಕಾರದ ಬಗ್ಗೆ ಇರುವ ಪುಸ್ತಕಕ್ಕೇ ಹೀಗಾದದ್ದು ಇನ್ನೊಂದು ತಮಾಷೆ.

ನಮ್ಮ ದೇಶದಲ್ಲೂ 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಬಂತು. ಹಕ್ಕನ್ನು ಮುರಿಯುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದ ತನಕ ಜೈಲು ಆಗಬಹುದು. ಕಾಯ್ದೆ ಬಿಡುವ ಕೆಲಸಕ್ಕೋಸ್ಕರ, ಎನ್‌ಕ್ರಿಪ್ಶನ್ ಸಂಶೋಧನೆಗೋಸ್ಕರ ಆದರೆ ರಿಯಾಯಿತಿ ಉಂಟು. ಅಮೆರಿಕದ ಕಾನೂನಿಗೆ ಹೋಲಿಸಿದರೆ ನಮ್ಮದು ಸ್ವಲ್ಪ ಸಡಿಲ. ಆದರೆ ಬೀಗ ಮಾತ್ರ ರಿಯಾಯಿತಿ ನೋಡಿ ತಾನಾಗಿ ತೆರೆಯುವುದಿಲ್ಲ. 60 ವರ್ಷ ಮುಗಿದ ದಿನವೂ ಅದು ಹಾಗೇ ಇರ್ತದೆ.

ಕನ್ನಡಕ್ಕೆ ಇನ್ನೊಂದು ಬೀಗ ಉಂಟು, ಅದನ್ನು ಹಾಕಿದ್ದು ಯಾವ ಕಾನೂನೂ ಅಲ್ಲ. ಡಿಟಿಪಿ ಬಂದ ಮೇಲಿನ ಎಷ್ಟೋ ಪುಸ್ತಕಗಳ ಫೈಲ್ ಇರುವುದು ಯುನಿಕೋಡ್ ಅಲ್ಲದ ಹಳೆ ಫಾಂಟ್‌ಗಳಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಸರ್ಚ್ ಆಗುವುದಿಲ್ಲ. ಅದಕ್ಕಿಂತ ಹಳೆಯವು ಮೊಳೆ ಜೋಡಿಸಿ ಅಚ್ಚು ಮಾಡಿದವು, ಫೈಲೇ ಇಲ್ಲ. ಲೈಸೆನ್ಸ್ ಸಿಕ್ಕಿದ ಕೂಡಲೇ ಪುಸ್ತಕ ಮೊಬೈಲ್‌ಗೆ ಬರುವುದಿಲ್ಲ. ಯಾರೋ ಸ್ಕ್ಯಾನ್ ಮಾಡಬೇಕು, ಓಸಿಆರ್ ಹಾಕಬೇಕು, ತಿದ್ದಬೇಕು.

ನಿರಂಜನರ ಪುಸ್ತಕಗಳಿಗೆ ಆ ಕೆಲಸ ಮಾಡಿದವರು, ಮಾಡ್ತಾ ಇರುವವರು ಸ್ವಯಂಸೇವಕರು, ಅದರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ವಿಕಿಸೋರ್ಸ್‌ನಲ್ಲಿ ಒಂದು ಪುಸ್ತಕ ತೆರೆದರೆ ಎಡಕ್ಕೆ ಅಕ್ಷರ, ಬಲಕ್ಕೆ ಸ್ಕ್ಯಾನ್ ಮಾಡಿದ ಪುಟ ಕಾಣ್ತದೆ. ಯಾರೂ ತಿದ್ದದ ಪುಟಕ್ಕೆ ಕೆಂಪು ಬಣ್ಣ. ಒಬ್ಬರು ತಿದ್ದಿದರೆ ಹಳದಿ. ಇನ್ನೊಬ್ಬರು ಬಂದು ಪರೀಕ್ಷೆ ಮಾಡಿದರೆ ಹಸಿರು. ಕೋಡ್ ರಿವ್ಯೂ ಹಾಗೆಯೇ, ತಾನು ತಿದ್ದಿದ್ದನ್ನು ತಾನೇ ಹಸಿರು ಮಾಡುವ ಹಾಗಿಲ್ಲ. ಕನ್ನಡ ಓಸಿಆರ್ ಈಗ ಮೊದಲಿಗಿಂತ ಎಷ್ಟೋ ಚೆನ್ನಾಗಿದೆ, ಆದರೂ ದ ಹೋಗಿ ಧ ಆಗ್ತದೆ, ಪ ಹೋಗಿ ಷ ಆಗ್ತದೆ, ಅರ್ಕಾವತ್ತು ಹೋಗಿ ಒಂಬತ್ತು ಆಗ್ತದೆ, ಅನುಸ್ವಾರ ಹೋಗಿ ಸೊನ್ನೆ ಆಗ್ತದೆ. ಮೆಷೀನ್ ಲರ್ನಿಂಗ್ ಪ್ರಾಜೆಕ್ಟ್‌ಗೆ ಕನ್ನಡ ಡೇಟಾ ಇಲ್ಲ ಅಂತ ಹೇಳ್ತಾ ಇರ್ತೇವಲ್ಲ, ಮನುಷ್ಯರು ಒಂದೊಂದೇ ಪುಟ ತಿದ್ದಿದ ಕನ್ನಡ ಪಠ್ಯ ಅಲ್ಲಿ ಕಾನೂನುಬದ್ಧವಾಗಿ ಸಿಗ್ತದೆ.

ನಮ್ಮ ಪಾಲಿನ ಕೆಲಸ

ಟೆಲಿಗ್ರಾಂನಲ್ಲಿ ಪಿಡಿಎಫ್ ಹಂಚುವುದೂ ಹಂಚುವುದೇ, ನಿರಂಜನರ ಪುಸ್ತಕ ಹಂಚುವುದೂ ಹಂಚುವುದೇ ಅಂತ ಯಾರಾದರೂ ಕೇಳಬಹುದು. ವ್ಯತ್ಯಾಸ ಎರಡು ಉಂಟು. ಮೊದಲನೆಯದು, ಇಲ್ಲಿ ಹಕ್ಕು ಇದ್ದವರು ಕೊಟ್ಟಿದ್ದಾರೆ. ಈಗ ಬರೆಯುತ್ತಾ ಇರುವ ಕನ್ನಡದ ಲೇಖಕನ ಹೊಸ ಪುಸ್ತಕ, 100 ಅಥವಾ 200 ರೂಪಾಯಿಯದ್ದು, ಅದನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ಗ್ರೂಪಿಗೆ ಹಾಕಿದರೆ ನಷ್ಟ ಆಗುವುದು ನಿರಂಜನರ ಹಾಗೆ ಪೆನ್ನನ್ನೇ ನಂಬಿದ ಒಬ್ಬರಿಗೆ. ಎರಡನೆಯದು, ಕದ್ದ ಪಿಡಿಎಫ್ ಮೇಲೆ ನಾವು ಏನನ್ನೂ ಕಟ್ಟಲಿಕ್ಕೆ ಆಗುವುದಿಲ್ಲ. ಅದರಿಂದ ಆಪ್ ಮಾಡಿ ಹೆಸರು ಹಾಕ್ಕೊಳ್ಳಲಿಕ್ಕೆ, ಆಡಿಯೋ ಬುಕ್ ಮಾಡಿ ಕುರುಡರ ಶಾಲೆಗೆ ಕೊಡಲಿಕ್ಕೆ, ನಾಟಕ ಮಾಡಿ ಟಿಕೆಟ್ ಇಡಲಿಕ್ಕೆ ಧೈರ್ಯ ಬರುವುದಿಲ್ಲ. ಮುಕ್ತ ಲೈಸೆನ್ಸ್ ಇರುವ ಪುಸ್ತಕದ ಮೇಲೆ ಅದೆಲ್ಲ ಹಗಲಿನಲ್ಲೇ ಮಾಡಬಹುದು.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಬರೆದು ಹೋದವರು ಇನ್ನೂ ಎಷ್ಟೋ ಜನ ಇದ್ದಾರೆ. ಕೆಲವರ ಪುಸ್ತಕ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಇರಬಹುದು. ಯಕ್ಷಗಾನ ಪ್ರಸಂಗ, ಶಾಲೆಯ ವಾರ್ಷಿಕ ಸಂಚಿಕೆ, ಊರಿನ ಇತಿಹಾಸ, ಇಂಥವೆಲ್ಲ. ಅವುಗಳ ಹಕ್ಕು ಯಾರದ್ದು ಅಂತ ಆ ಮನೆಯವರ ಹತ್ತಿರ ಹೋಗಿ ಕೇಳುವುದು, ಒಪ್ಪಿದರೆ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳುವುದು, ಒಪ್ಪದಿದ್ದರೆ ನಮಸ್ಕಾರ ಹೇಳಿ ಬರುವುದು, ಇದು ಲಾಯರ್ ಮಾಡಬೇಕಾದ ಕೆಲಸ ಅಲ್ಲ. ಆ ಊರಿನವರೇ ಆದ ನಾವು ಮಾಡಬಹುದಾದ್ದು. ಮನೆಯವರಿಗೂ ಎಷ್ಟೋ ಸಲ ಇಂಥ ಲೈಸೆನ್ಸ್ ಇದೆ ಅಂತಲೇ ಗೊತ್ತಿರುವುದಿಲ್ಲ.

ಶುರು ಮಾಡಲಿಕ್ಕೆ ಅಷ್ಟು ದೂರ ಹೋಗುವುದೂ ಬೇಡ. ಕನ್ನಡ ವಿಕಿಸೋರ್ಸ್‌ಗೆ ಹೋಗಿ ನಿರಂಜನ ಅಂತ ಹುಡುಕಿ, ಒಂದು ಪುಸ್ತಕ ಆರಿಸಿ, ಒಂದು ಪುಟ ಓದಿ ತಿದ್ದಿ. ನನಗೆ ಒಂದು ಪುಟಕ್ಕೆ ಹತ್ತು ಹದಿನೈದು ನಿಮಿಷ ಬೇಕಾಗ್ತದೆ, ಕನ್ನಡ ಮೀಡಿಯಂನವರಿಗೆ ಇನ್ನೂ ಕಡಿಮೆ ಸಾಕು. ನಮ್ಮ ಕನ್ನಡ ಸಂಘದಲ್ಲಿ ಮೂವತ್ತು ಜನ ವಾರಕ್ಕೆ ಎರಡು ಪುಟ ತಿದ್ದಿದರೆ ಒಂದು ತಿಂಗಳಿಗೆ ಒಂದು ಸಾಧಾರಣ ಗಾತ್ರದ ಕಾದಂಬರಿ ಮುಗಿಯುತ್ತದೆ. ಈ ಸೆಮಿಸ್ಟರ್‌ನಲ್ಲಿ ಒಂದು ಪುಸ್ತಕವನ್ನಾದರೂ ಕೆಂಪಿನಿಂದ ಹಸಿರಿಗೆ ತರೋಣ ಅಂತ ನನ್ನ ಪ್ರಸ್ತಾಪ. ಆಸಕ್ತಿ ಇರುವವರು ಮುಂದಿನ ಸಂಘದ ಮೀಟಿಂಗಿಗೆ ಲ್ಯಾಪ್‌ಟಾಪ್ ತಗೊಂಡು ಬನ್ನಿ.